ವಯಸ್ಸಾದ ನಾಯಿಗೆ ಹೃದಯದ ಮರ್ಮರ: ಮಾತ್ರೆಗೆ ಮೊದಲು ಉಸಿರು ಎಣಿಸಿ

ಪ್ರಶ್ನೆ: ನಮ್ಮ ಪೊಮೆರೇನಿಯನ್ ಗಂಡು ನಾಯಿಗೆ 11 ವರ್ಷ, ತೂಕ 6 ಕೆ.ಜಿ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ‘ಹೃದಯದಲ್ಲಿ ಮರ್ಮರ ಇದೆ, ಆರರಲ್ಲಿ ಮೂರನೇ ದರ್ಜೆ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದರೆ ಒಳ್ಳೆಯದು’ ಎಂದರು. ಕೆಲವು ತಿಂಗಳಿಂದ ಒಣ ಕೆಮ್ಮೂ ಇದೆ. ಯಾರಾದರೂ ಮನೆಗೆ ಬಂದು ಅವನು ಕುಣಿದಾಡಿದರೆ, ಕತ್ತಿನ ಪಟ್ಟಿ ಎಳೆದುಕೊಂಡರೆ ಕೆಮ್ಮು ಜಾಸ್ತಿ. ಊಟ, ಆಟ ಎಂದಿನಂತೆಯೇ ಇದೆ. ನಮ್ಮ ಮಾವನವರು ಹೃದಯಕ್ಕೆಂದು ಲ್ಯಾಸಿಕ್ಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಸದ್ಯಕ್ಕೆ ಅದರಲ್ಲೇ ಕಾಲು ಭಾಗ ಕೊಡಬಹುದೇ? ವಾಕಿಂಗ್ ನಿಲ್ಲಿಸಬೇಕೇ? ಹಲ್ಲು ಶುಚಿ ಮಾಡಿಸಲು ಅರಿವಳಿಕೆ ಕೊಡಬೇಕಂತೆ, ಈಗ ಅದು ಅಪಾಯವೇ? ಇನ್ನೆಷ್ಟು ಕಾಲ ಅವನು ನಮ್ಮ ಜೊತೆ ಇರಬಹುದು?

ಉತ್ತರ: ಮೊದಲು ಆ ಲ್ಯಾಸಿಕ್ಸ್ ವಿಷಯ ಮುಗಿಸಿಬಿಡೋಣ. ದಯವಿಟ್ಟು ಕೊಡಬೇಡಿ. ಅದರಲ್ಲಿರುವ ಫ್ಯುರೊಸೆಮೈಡ್ ಎಂಬ ಔಷಧವನ್ನು ನಾಯಿಗಳಿಗೂ ಬಳಸುತ್ತೇವೆ, ನಿಜ. ಆದರೆ ಅದರ ಕೆಲಸ ಶ್ವಾಸಕೋಶದಲ್ಲಿ ಸೇರಿಕೊಂಡ ನೀರನ್ನು ಮೂತ್ರದ ಮೂಲಕ ಹೊರಹಾಕುವುದು. ಅಲ್ಲಿ ನೀರೇ ಇಲ್ಲದಿದ್ದರೆ ಅದು ದೇಹಕ್ಕೆ ಬೇಕಾದ ನೀರನ್ನೇ ಹೊರಗೆ ಹಾಕುತ್ತದೆ. ಪೊಟ್ಯಾಸಿಯಂ ಇಳಿಯುತ್ತದೆ, ವಯಸ್ಸಾದ ಮೂತ್ರಪಿಂಡಗಳ ಮೇಲೆ ಭಾರ ಬೀಳುತ್ತದೆ, ಉಪ್ಪು-ನೀರನ್ನು ಹಿಡಿದಿಡುವ ಹಾರ್ಮೋನುಗಳು ಕೆರಳುತ್ತವೆ. ಆ ಹಾರ್ಮೋನುಗಳು ದೀರ್ಘಕಾಲದಲ್ಲಿ ಹೃದಯಕ್ಕೆ ಒಳ್ಳೆಯದು ಮಾಡುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಮಾತ್ರೆ ಕೊಟ್ಟ ಮೇಲೆ ಎಕ್ಸ್‌ರೇ ತೆಗೆದರೆ ಅದಕ್ಕೂ ಮುಂಚೆ ಶ್ವಾಸಕೋಶ ಹೇಗಿತ್ತು ಎಂದು ಹೇಳುವುದು ಕಷ್ಟ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ನಾಯಿಯ ಶ್ವಾಸಕೋಶದಲ್ಲಿ ಈಗ ನೀರಿದೆ ಎನ್ನಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಮರ್ಮರ ಎಂದರೆ ಒಂದು ಶಬ್ದ. ಅದೇ ಕಾಯಿಲೆಯಲ್ಲ. ಸಣ್ಣ ತಳಿಯ ವಯಸ್ಸಾದ ನಾಯಿಯಲ್ಲಿ, ಎದೆಯ ಎಡಭಾಗದಲ್ಲಿ ಈ ಶಬ್ದ ಕೇಳಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಮೈಟ್ರಲ್ ಕವಾಟ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಈ ಕವಾಟದ ಎಸಳುಗಳು ವಯಸ್ಸಾದಂತೆ ದಪ್ಪಗಾಗಿ, ಗಂಟುಗಂಟಾಗಿ, ಅಂಚು ಸುರುಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದೆ ಸಂದು ಬಿಡುತ್ತದಲ್ಲ, ಹಾಗೆ. ಹೃದಯ ಹಿಂಡಿಕೊಂಡಾಗಲೆಲ್ಲ ಒಂದಿಷ್ಟು ರಕ್ತ ಆ ಸಂದಿನಿಂದ ಹಿಂದಕ್ಕೆ ಚಿಮ್ಮುತ್ತದೆ. ಡಾಕ್ಟರಿಗೆ ಕೇಳಿಸಿದ್ದು ಆ ಚಿಮ್ಮುವಿಕೆಯ ಸದ್ದು. ನಾಯಿಗಳಿಗೆ ಬರುವ ಹೃದ್ರೋಗಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಪೊಮೆರೇನಿಯನ್, ಡ್ಯಾಶ್‌ಹಂಡ್, ಚಿಹುವಾಹುವಾ, ಸಣ್ಣ ಪೂಡಲ್‌ಗಳಲ್ಲಿ ತುಂಬಾ ಸಾಮಾನ್ಯ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್‌ಗಳಲ್ಲಂತೂ ಚಿಕ್ಕ ವಯಸ್ಸಿಗೇ ಶುರುವಾಗುತ್ತದೆ.

ಹೃದಯ ಎಂದ ಕೂಡಲೇ ನಮಗೆ ಹಾರ್ಟ್ ಅಟ್ಯಾಕ್, ಕೊಲೆಸ್ಟರಾಲ್ ನೆನಪಾಗುತ್ತವೆ. ನಾಯಿಗಳಲ್ಲಿ ಮನುಷ್ಯರಂತೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಬಹಳ ಅಪರೂಪ. ‘ಯಾವಾಗ ಬೇಕಾದರೂ ಧೊಪ್ಪನೆ ಬಿದ್ದುಬಿಡುತ್ತಾನೆ’ ಎಂಬ ಭಯದಲ್ಲಿ ರಾತ್ರಿಯೆಲ್ಲ ಎದ್ದು ಕೂರಬೇಕಿಲ್ಲ. ಕವಾಟದ ಕಾಯಿಲೆ ಸಾಮಾನ್ಯವಾಗಿ ನಿಧಾನವಾಗಿ, ವರ್ಷಗಟ್ಟಲೆ ಸಾಗುತ್ತದೆ. ಒಮ್ಮೊಮ್ಮೆ ಕವಾಟವನ್ನು ಹಿಡಿದಿರುವ ತಂತುವೊಂದು ಹರಿದು ಪರಿಸ್ಥಿತಿ ಒಂದೇ ದಿನದಲ್ಲಿ ಹದಗೆಡುವುದುಂಟು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮೂರನೇ ದರ್ಜೆ ಎಂದರೆ ಮಧ್ಯಮ ಜೋರಿನ ಸದ್ದು. ಈ ಕಾಯಿಲೆಯಲ್ಲಿ ಸದ್ದು ಹೆಚ್ಚಿದ್ದಷ್ಟೂ ರೋಗ ಮುಂದುವರಿದಿರುವ ಸಾಧ್ಯತೆ ಹೆಚ್ಚು ಎನ್ನುವುದು ತಕ್ಕಮಟ್ಟಿಗೆ ನಿಜ. ಆದರೆ ಹೃದಯ ಹಿಗ್ಗಿದೆಯೋ ಇಲ್ಲವೋ ಎಂಬುದು ಸದ್ದಿನಿಂದ ಗೊತ್ತಾಗುವುದಿಲ್ಲ. ಮುಂದಿನ ನಿರ್ಧಾರವೆಲ್ಲ ನಿಂತಿರುವುದು ಅದೊಂದರ ಮೇಲೆ. ಮೂರು ಅಥವಾ ಅದಕ್ಕಿಂತ ಮೇಲಿನ ದರ್ಜೆಯಾದರೆ ಎಕೋ ನೋಡಿಬಿಡುವುದು ಲೇಸು. ನಿಮ್ಮ ಡಾಕ್ಟರು ಸರಿಯಾದ ಸಲಹೆಯನ್ನೇ ಕೊಟ್ಟಿದ್ದಾರೆ.

ಇನ್ನು ಕೆಮ್ಮು. ‘ಮರ್ಮರ ಇದೆ, ಕೆಮ್ಮೂ ಇದೆ, ಹಾಗಾದರೆ ಹೃದಯ ಸೋಲುತ್ತಿದೆ’ ಎಂದು ಲೆಕ್ಕ ಹಾಕಿಬಿಡುವುದು ತುಂಬಾ ಸುಲಭ. ಎಷ್ಟೋ ನಾಯಿಗಳು ಈ ಒಂದು ತಪ್ಪು ಲೆಕ್ಕದಿಂದಾಗಿ ಬೇಡದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುತ್ತವೆ. ಕವಾಟ ಸೋರುವ ಸಣ್ಣ ತಳಿಗಳಿಗೇ ಶ್ವಾಸನಾಳ ಕುಸಿಯುವ ತೊಂದರೆಯೂ ಹಳೆಯ ಬ್ರಾಂಕೈಟಿಸ್ಸೂ ಇರುವುದು ಹೆಚ್ಚು. ಪೊಮೆರೇನಿಯನ್ ಅಂಥದ್ದೇ ತಳಿ. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಉಂಗುರಗಳು ಸಡಿಲವಾಗಿ, ನಾಯಿ ಉತ್ಸಾಹದಲ್ಲಿ ಜೋರಾಗಿ ಉಸಿರೆಳೆದಾಗ ನಾಳ ಚಪ್ಪಟೆಯಾಗುತ್ತದೆ. ಆಗ ಬರುವುದು ಬಾತುಕೋಳಿ ಕೂಗಿದಂಥ ಒಣ ಕೆಮ್ಮು. ಕುಣಿದಾಡಿದಾಗ, ಪಟ್ಟಿ ಎಳೆದಾಗ ಹೆಚ್ಚು ಎಂದು ನೀವು ಬರೆದಿದ್ದೀರಿ. ಈ ವಿವರ ಹೃದಯಕ್ಕಿಂತ ಶ್ವಾಸನಾಳದ ಕಡೆಗೇ ಬೆರಳು ತೋರಿಸುತ್ತದೆ.

ಹೃದಯಕ್ಕೂ ಕೆಮ್ಮಿಗೂ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಹೃದಯದ ಎಡ ಮೇಲ್ಕೋಣೆ ಹಿಗ್ಗಿದರೆ ಅದು ಪಕ್ಕದಲ್ಲೇ ಹಾದುಹೋಗುವ ಶ್ವಾಸನಾಳದ ಕವಲನ್ನು ಒತ್ತಿ ಕೆಮ್ಮು ಬರಿಸಬಹುದು. ಆದರೆ ಆ ಕೆಮ್ಮಿಗೂ ಶ್ವಾಸಕೋಶದಲ್ಲಿ ನೀರೇ ಕಾರಣ ಎನ್ನುವ ಹಾಗಿಲ್ಲ. ಶ್ವಾಸಕೋಶದಲ್ಲಿ ನೀರು ಸೇರಲು ಶುರುವಾದಾಗ ನಂಬಬಹುದಾದ ಮೊದಲ ಸೂಚನೆ ಉಸಿರಾಟದ ವೇಗ. ಮನೆಯಲ್ಲಿ ಕುಳಿತು ನೀವು ಮಾಡಬಹುದಾದ ಅತ್ಯುತ್ತಮ ಪರೀಕ್ಷೆಯೂ ಅದೇ. ಅದಕ್ಕೆ ಯಾವ ಯಂತ್ರವೂ ಬೇಡ, ಒಂದು ಗಡಿಯಾರ ಸಾಕು.

ನಾಯಿ ಗಾಢವಾಗಿ ಮಲಗಿರುವಾಗ ಎಣಿಸಿ. ಎಚ್ಚರವಾಗಿ ಸುಮ್ಮನೆ ಒರಗಿರುವಾಗ ಅಲ್ಲ, ನಾಲಿಗೆ ಚಾಚಿ ತೇಕುತ್ತಿರುವಾಗ ಅಲ್ಲ, ಕನಸಿನಲ್ಲಿ ಕಾಲು ಅದುರಿಸುತ್ತಾ ಮುಲುಗುತ್ತಿರುವಾಗಲೂ ಅಲ್ಲ. ಮುಟ್ಟಬೇಡಿ, ಹೆಸರು ಹಿಡಿದು ಕರೆಯಬೇಡಿ. ಪಕ್ಕೆ ಒಮ್ಮೆ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಹೃದಯ ಇನ್ನೂ ಸಂಭಾಳಿಸಿಕೊಂಡಿರುವ ನಾಯಿಯಲ್ಲಿ ಈ ಸಂಖ್ಯೆ ನಿಮಿಷಕ್ಕೆ 30ರ ಒಳಗಿರುತ್ತದೆ. ಹೆಚ್ಚಿನವು 15ರಿಂದ 25ರ ನಡುವೆ ಉಸಿರಾಡುತ್ತವೆ. ಮೊದಲ ಒಂದು ವಾರ ದಿನಕ್ಕೊಮ್ಮೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲೋ ಫೋನಿನಲ್ಲೋ ಬರೆದಿಡಿ. ನಿಮ್ಮ ನಾಯಿಯ ವಾಡಿಕೆ ಏನೆಂದು ಆಗ ತಿಳಿಯುತ್ತದೆ. ಆ ವಾಡಿಕೆಯ ಸಂಖ್ಯೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಸದಾ 16 ಇದ್ದ ನಾಯಿ ದಿನೇ ದಿನೇ ಏರುತ್ತಾ 27ಕ್ಕೆ ಬಂದರೆ, 30 ದಾಟಿಲ್ಲವಲ್ಲ ಎಂದು ಸುಮ್ಮನಿರಬಾರದು.

ಒಂದು ಸಲ 30 ದಾಟಿದರೆ ಗಾಬರಿ ಬೇಡ. ಸೆಕೆ ಇತ್ತೇ, ಈಗಷ್ಟೇ ಓಡಾಡಿ ಬಂದು ಮಲಗಿದನೇ ನೋಡಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ತಂಪಾದ ಜಾಗದಲ್ಲಿ ಮತ್ತೆ ಎಣಿಸಿ. ಆಗಲೂ ಹೆಚ್ಚೇ ಇದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮಲಗಿದ್ದಾಗಲೇ 40 ದಾಟಿ, ಹೊಟ್ಟೆ ಒಳಕ್ಕೆಳೆದುಕೊಂಡು ಉಸಿರಾಡುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಎಕೋಗೆ ಹೋದಾಗ ಏನು ನೋಡುತ್ತಾರೆ ಎಂಬುದು ನಿಮಗೂ ತಿಳಿದಿರಲಿ, ವರದಿ ಕೈಗೆ ಬಂದಾಗ ಕಣ್ಣುಕಟ್ಟಿದಂತಾಗುವುದಿಲ್ಲ. ಮುಖ್ಯವಾಗಿ ಎರಡು ಅಳತೆಗಳು. ಎಡ ಮೇಲ್ಕೋಣೆ ಪಕ್ಕದ ಮಹಾಪಧಮನಿಗಿಂತ ಎಷ್ಟು ಪಟ್ಟು ದೊಡ್ಡದಿದೆ ಎಂಬುದು ಒಂದು, 1.6 ಅಥವಾ ಹೆಚ್ಚಿದ್ದರೆ ಹಿಗ್ಗಿದೆ ಎಂದರ್ಥ. ನಾಯಿಯ ತೂಕಕ್ಕೆ ಹೊಂದಿಸಿ ಲೆಕ್ಕ ಹಾಕಿದ ಎಡ ಕೆಳಕೋಣೆಯ ಅಗಲ ಇನ್ನೊಂದು, ಅದಕ್ಕೆ ಗಡಿ 1.7. ಜೊತೆಗೆ ಎದೆಯ ಎಕ್ಸ್‌ರೇಯನ್ನೂ ತೆಗೆಸಿ, ಏಕೆಂದರೆ ಶ್ವಾಸಕೋಶದಲ್ಲಿ ನೀರಿದೆಯೇ, ಶ್ವಾಸನಾಳ ಹೇಗಿದೆ ಎಂಬುದನ್ನು ಹೇಳುವುದು ಎಕ್ಸ್‌ರೇ. ಅದರಲ್ಲಿ ಹೃದಯವನ್ನು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 10.5 ಮಣಿಗಿಂತ ಹೆಚ್ಚಿದ್ದರೆ ದೊಡ್ಡದು ಎನ್ನುವ ರೂಢಿ. ಆದರೆ ಕೆಲವು ತಳಿಗಳಿಗೆ ಸಹಜ ಅಳತೆಯೇ ತುಸು ಹೆಚ್ಚು, ಪೊಮೆರೇನಿಯನ್ ಅವುಗಳಲ್ಲೊಂದು. ಆದ್ದರಿಂದ ಬರೀ ಎಕ್ಸ್‌ರೇ ನೋಡಿ ‘ಹೃದಯ ದೊಡ್ಡದಾಗಿದೆ’ ಎಂದರೆ ಅಷ್ಟಕ್ಕೇ ಒಪ್ಪಿಕೊಳ್ಳದೆ ಎಕೋವನ್ನೂ ಮಾಡಿಸಿ. ರಕ್ತದೊತ್ತಡ, ಮೂತ್ರಪಿಂಡದ ರಕ್ತಪರೀಕ್ಷೆ ಇವನ್ನೂ ಅದೇ ಭೇಟಿಯಲ್ಲಿ ಮುಗಿಸಿ. ಮುಂದೆ ಔಷಧ ಶುರುವಾದರೆ ಹೋಲಿಸಿ ನೋಡಲು ಇವತ್ತಿನ ಅಂಕಿಗಳು ಬೇಕಾಗುತ್ತವೆ. ಸೊಳ್ಳೆಯಿಂದ ಹರಡುವ ಹೃದಯದ ಹುಳುವಿನ ಕಾಟ ಇರುವ ಪ್ರದೇಶವಾದರೆ ಅದರ ಪರೀಕ್ಷೆಯೂ ಸೇರಲಿ.

ಇದನ್ನು ಓದುತ್ತಿರುವವರಲ್ಲಿ ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಸಾಕಿದವರಿದ್ದರೆ ಒಂದು ಮಾತು. ದೊಡ್ಡ ತಳಿಗಳಲ್ಲಿ ಕಥೆ ಬೇರೆ. ಅಲ್ಲಿ ಕೆಡುವುದು ಹೆಚ್ಚಾಗಿ ಹೃದಯದ ಸ್ನಾಯು. ಮರ್ಮರ ಕೇಳಿಸದೆಯೂ ಕಾಯಿಲೆ ಇರಬಹುದು, ಬಡಿತದ ಲಯ ತಪ್ಪುವುದೇ ಮೊದಲ ಸುಳಿವಾಗಿರಬಹುದು. ಅವುಗಳಿಗೆ 24 ಗಂಟೆಯ ಇಸಿಜಿ ಬೇಕಾಗುತ್ತದೆ. ಈ ಉತ್ತರದಲ್ಲಿ ನಾನು ಹೇಳುತ್ತಿರುವುದನ್ನೆಲ್ಲ ಅವಕ್ಕೆ ಹಾಗೆಯೇ ಅನ್ವಯಿಸಬೇಡಿ.

ಪರೀಕ್ಷೆಗಳಾದ ಮೇಲೆ ನಿಮ್ಮ ನಾಯಿ ಯಾವ ಹಂತದಲ್ಲಿದ್ದಾನೆಂದು ತಿಳಿಯುತ್ತದೆ. ಕವಾಟ ಸೋರುತ್ತಿದೆ, ಆದರೆ ಹೃದಯ ಹಿಗ್ಗಿಲ್ಲ ಎಂದಾದರೆ ಅದು ಬಿ1. ಹಿಗ್ಗಿದೆ, ಆದರೆ ಶ್ವಾಸಕೋಶದಲ್ಲಿ ನೀರಿಲ್ಲ, ಎಂದೂ ಸೇರಿಲ್ಲ ಎಂದಾದರೆ ಬಿ2. ಒಮ್ಮೆ ನೀರು ಸೇರಿತು ಎಂದರೆ ಸಿ, ಸಾಮಾನ್ಯ ಪ್ರಮಾಣದ ಔಷಧಕ್ಕೆ ಬಗ್ಗದಿದ್ದರೆ ಡಿ. ನೀವು ಬರೆದಿರುವುದನ್ನು ನೋಡಿದರೆ ಅವನು ಬಿ1 ಇಲ್ಲವೇ ಬಿ2ರಲ್ಲಿ ಇರಬೇಕು ಎಂಬುದು ನನ್ನ ಅಂದಾಜು. ಆ ಎರಡರ ನಡುವಿನ ಗೆರೆಯೇ ಔಷಧ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತದೆ.

ಬಿ1 ಆದರೆ ಔಷಧ ಬೇಡ. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ತೋರಿಸಿದರೆ ಸಾಕು. ‘ಏನೂ ಕೊಡುವುದಿಲ್ಲವೇ ಡಾಕ್ಟ್ರೇ’ ಎಂದು ಬೇಸರಪಡುವವರಿದ್ದಾರೆ. ಈ ಹಂತದಲ್ಲಿ ಕೊಟ್ಟ ಮಾತ್ರೆಯಿಂದ ಲಾಭವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅಷ್ಟೇ. ಬಿ2 ಆದರೆ ಮಾತ್ರ ತಡಮಾಡಬಾರದು. ಇಲ್ಲಿ ಪಿಮೊಬೆಂಡಾನ್ ಎಂಬ ಔಷಧ ನಿಜಕ್ಕೂ ಕಾಲವನ್ನು ಗಳಿಸಿಕೊಡುತ್ತದೆ. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನದಲ್ಲಿ 360 ನಾಯಿಗಳಿದ್ದವು, ಎಲ್ಲವೂ ಈ ಹಂತದವು. ಔಷಧ ಪಡೆದ ಗುಂಪಿನಲ್ಲಿ ಹೃದಯ ಸೋಲುವ ಅಥವಾ ಹೃದಯದಿಂದಾಗಿ ಸಾವು ಬರುವ ತನಕದ ಮಧ್ಯಮ ಅವಧಿ 1228 ದಿನ, ಔಷಧವಿಲ್ಲದ ಮಾತ್ರೆ ಪಡೆದ ಗುಂಪಿನಲ್ಲಿ 766 ದಿನ. ಅಂದರೆ ಸುಮಾರು 15 ತಿಂಗಳು ಹೆಚ್ಚು. ಹನ್ನೊಂದು ವರ್ಷದ ನಾಯಿಗೆ ಹದಿನೈದು ತಿಂಗಳು ಸಣ್ಣ ಅವಧಿಯಲ್ಲ. ಎಕೋಗೆ ಖರ್ಚು ಮಾಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ. ಈ ಹಂತದಲ್ಲಿ ನಾಯಿ ಹೊರನೋಟಕ್ಕೆ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತದೆ. ನೋಡದಿದ್ದರೆ ಗೊತ್ತಾಗುವುದಿಲ್ಲ. ಈ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ ಅಂತರದಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಕೊಡಬೇಕು. ಪ್ರಮಾಣವನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು.

ಸಿ ಹಂತ ಬಂದಾಗ ಫ್ಯುರೊಸೆಮೈಡ್‌ಗೆ ನಿಜವಾದ ಕೆಲಸ. ಅದರ ಜೊತೆ ಪಿಮೊಬೆಂಡಾನ್, ಹೆಚ್ಚಾಗಿ ಬೆನಜೆಪ್ರಿಲ್ ಅಥವಾ ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಸೇರುತ್ತವೆ. ಆಗ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಉಚ್ಚೆ ಹೊಯ್ಯುತ್ತದೆ, ಮನೆಯೊಳಗೇ ಒಮ್ಮೊಮ್ಮೆ ಆಗಿಬಿಡಬಹುದು. ಗದರಬೇಡಿ. ‘ಶ್ವಾಸಕೋಶದಲ್ಲಿ ನೀರು’ ಎಂದು ಕೇಳಿ ಕುಡಿಯುವ ನೀರಿನ ಬಟ್ಟಲು ಎತ್ತಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಮೂತ್ರಪಿಂಡ ಬೇಗ ಕೆಡುತ್ತದೆ. ಔಷಧ ಶುರುಮಾಡಿದ ಒಂದೆರಡು ವಾರದೊಳಗೆ ರಕ್ತಪರೀಕ್ಷೆ ಮಾಡಿಸಿ ಮೂತ್ರಪಿಂಡ, ಪೊಟ್ಯಾಸಿಯಂ ನೋಡಿಸಿಕೊಳ್ಳಿ. ಆ ಹಂತದಲ್ಲಿ ಕೀಲುನೋವಿಗೆಂದು ಯಾರೋ ಹೇಳಿದ ನೋವಿನ ಮಾತ್ರೆ ಕೊಟ್ಟರೆ ಈ ಔಷಧಗಳ ಜೊತೆ ಸೇರಿ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು ಬೀಳಬಹುದು. ಮನುಷ್ಯರ ಐಬುಪ್ರೊಫೇನ್ ನಾಯಿಗೆ ಯಾವತ್ತೂ ವಿಷ. ನೆಗಡಿ-ಕೆಮ್ಮಿಗೆಂದು ಮನೆಯಲ್ಲಿರುವ ಸಿರಪ್ಪನ್ನೂ ಕೊಡಬೇಡಿ, ಮೂಗು ಕಟ್ಟುವುದಕ್ಕೆ ಕೊಡುವ ಕೆಲವು ಔಷಧಗಳು ಹೃದಯವನ್ನು ಓಡಿಸಿಬಿಡುತ್ತವೆ.

ವಾಕಿಂಗ್ ನಿಲ್ಲಿಸಬೇಡಿ. ಬಿ ಹಂತದ ನಾಯಿಯನ್ನು ಮನೆಯಲ್ಲಿ ಕಟ್ಟಿಹಾಕುವುದರಿಂದ ಹೃದಯಕ್ಕೆ ಏನೂ ಲಾಭವಿಲ್ಲ, ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಎಷ್ಟು ದೂರ, ಎಷ್ಟು ವೇಗ ಎಂಬುದನ್ನು ಅವನೇ ತೀರ್ಮಾನಿಸಲಿ. ನಿಂತರೆ ನೀವೂ ನಿಲ್ಲಿ. ಬಿಸಿಲಲ್ಲಿ ಬೇಡ. ಕತ್ತಿನ ಪಟ್ಟಿಯನ್ನು ಇವತ್ತೇ ಬಿಚ್ಚಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಕೆಮ್ಮಿಗೆ ಶ್ವಾಸನಾಳವೇ ಕಾರಣವಾಗಿದ್ದರೆ ಈ ಒಂದು ಬದಲಾವಣೆಯಿಂದಲೇ ಕೆಮ್ಮು ಸಾಕಷ್ಟು ತಗ್ಗಬಹುದು. ಅವನು ದಪ್ಪಗಿದ್ದರೆ ತೂಕ ಇಳಿಸುವುದೂ ಅಷ್ಟೇ ಮುಖ್ಯ. ಆದರೆ ಹೃದಯ ಸೋತ ನಾಯಿಗೆ ಮಾತ್ರ ಪಥ್ಯದ ಹೆಸರಲ್ಲಿ ಹೊಟ್ಟೆ ಕಟ್ಟಬಾರದು. ಆ ಹಂತದಲ್ಲಿ ಸ್ನಾಯು ಕರಗುವುದೇ ದೊಡ್ಡ ಶತ್ರು. ಬೆನ್ನುಮೂಳೆಯ ಎರಡೂ ಬದಿ ಕೈಯಾಡಿಸಿ ನೋಡುತ್ತಿರಿ, ಅಲ್ಲಿ ಮಾಂಸ ಇಳಿಯುತ್ತಿದ್ದರೆ ಡಾಕ್ಟರಿಗೆ ಹೇಳಿ.

ಆಹಾರದಲ್ಲಿ ಉಪ್ಪು ಸುರಿದ ತಿಂಡಿಗಳನ್ನು ನಿಲ್ಲಿಸಿದರೆ ಈಗ ಸಾಕು. ಕಟ್ಟುನಿಟ್ಟಿನ ಉಪ್ಪಿಲ್ಲದ ಪಥ್ಯದ ಅಗತ್ಯವಿಲ್ಲ, ಪ್ರೋಟೀನ್ ಕಡಿಮೆ ಮಾಡುವ ಅಗತ್ಯವಂತೂ ಇಲ್ಲವೇ ಇಲ್ಲ. ಧಾನ್ಯವಿಲ್ಲದ, ಬಟಾಣಿ-ಬೇಳೆಯೇ ಹೆಚ್ಚಿರುವ ಸಿದ್ಧ ಆಹಾರ ಕೊಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಅಂಥ ಆಹಾರಕ್ಕೂ ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆಗೂ ನಂಟಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಶುರುಮಾಡಿತ್ತು.

ಹಲ್ಲಿನ ವಿಷಯದಲ್ಲಿ ನನ್ನ ಸಲಹೆ: ಮೊದಲು ಎಕೋ, ಆಮೇಲೆ ಹಲ್ಲು. ಮರ್ಮರ ಇದೆ ಎಂಬ ಒಂದೇ ಕಾರಣಕ್ಕೆ ಅರಿವಳಿಕೆ ಕೊಡಬಾರದು ಎಂದಿಲ್ಲ. ಬಿ ಹಂತದ ನಾಯಿಗಳಿಗೆ ಸರಿಯಾದ ಔಷಧ ಆರಿಸಿ, ಡ್ರಿಪ್ ಕಡಿಮೆ ವೇಗದಲ್ಲಿಟ್ಟು, ರಕ್ತದೊತ್ತಡ, ಇಸಿಜಿ ನೋಡುತ್ತಾ ಕೆಲಸ ಮಾಡಬಹುದು. ಒಸಡಿನ ಕೀವು, ಅಲುಗಾಡುವ ಹಲ್ಲು ದಿನವೂ ನೋವು ಕೊಡುತ್ತವೆ. ಆ ನೋವನ್ನು ಹಾಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅರಿವಳಿಕೆಯಿಲ್ಲದೆ ಮೇಲೆ ಮೇಲೆ ಕೆರೆದುಕೊಡುವವರ ಬಳಿ ಹೋಗಬೇಡಿ. ರೋಗವಿರುವುದು ಒಸಡಿನ ಕೆಳಗೆ, ಅವರ ಕೈ ಅಲ್ಲಿಗೆ ಹೋಗುವುದಿಲ್ಲ. ಶ್ವಾಸಕೋಶದಲ್ಲಿ ನೀರಿದ್ದರೆ ಮಾತ್ರ ಹಲ್ಲಿನ ಕೆಲಸ ಮುಂದೂಡಲೇಬೇಕು.

ಎಷ್ಟು ಕಾಲ ಎಂದು ಕೇಳಿದ್ದೀರಿ. ಬಿ1ರಲ್ಲಿರುವ ಬಹಳಷ್ಟು ನಾಯಿಗಳು ಈ ಮರ್ಮರದೊಂದಿಗೇ ಆಯಸ್ಸು ಪೂರ್ತಿ ಬಾಳಿ, ಕಡೆಗೆ ಬೇರೆ ಯಾವುದೋ ಕಾರಣಕ್ಕೆ ಹೋಗುತ್ತವೆ. ಬಿ2ರ ಅಂಕಿಗಳನ್ನು ಮೇಲೆ ಕೊಟ್ಟಿದ್ದೇನೆ, ಲೆಕ್ಕ ವರ್ಷಗಳದ್ದು. ಹೃದಯ ಸೋತ ಮೇಲೆ ಅದು ತಿಂಗಳುಗಳಿಗೆ ಇಳಿಯುತ್ತದೆ. 2008ರ ಕ್ವೆಸ್ಟ್ ಅಧ್ಯಯನದಲ್ಲಿ ಆ ಹಂತದ ನಾಯಿಗಳಿಗೆ ಉಳಿದ ಔಷಧಗಳ ಜೊತೆ ಪಿಮೊಬೆಂಡಾನ್ ಕೊಟ್ಟಾಗ ಮಧ್ಯಮ ಅವಧಿ 267 ದಿನ, ಬೆನಜೆಪ್ರಿಲ್ ಕೊಟ್ಟಾಗ 140 ದಿನ. ಮಧ್ಯಮ ಎಂದರೆ ಅರ್ಧದಷ್ಟು ನಾಯಿಗಳು ಅದಕ್ಕಿಂತ ಹೆಚ್ಚು ಕಾಲ ನಡೆದವು ಎಂದೂ ಅರ್ಥ. ನಿಮ್ಮ ನಾಯಿ ಆ ಹಂತದಲ್ಲಿ ಇರುವಂತೆ ಕಾಣುವುದಿಲ್ಲ.

ಈಗ ತುರ್ತಿನ ಮಾತು. ಅವನು ಇದ್ದಕ್ಕಿದ್ದಂತೆ ಕುಸಿದು ಬಿದ್ದರೆ, ಸಾಧ್ಯವಾದರೆ ಫೋನಿನಲ್ಲಿ ವಿಡಿಯೊ ಮಾಡಿ. ಮೈ ಸಡಿಲವಾಗಿ ಬಿದ್ದು, ಒಂದು ನಿಮಿಷದೊಳಗೆ ಏನೂ ಆಗದವನಂತೆ ಎದ್ದರೆ ಅದು ಹೃದಯದಿಂದ ಬಂದ ತಲೆಸುತ್ತು ಇರಬಹುದು. ಮೈ ಸೆಟೆದು ಕೈಕಾಲು ಬಡಿದು, ಆಮೇಲೆ ಬಹಳ ಹೊತ್ತು ಮಂಕಾಗಿ ಗೋಡೆಗೆ ಹಾಯುತ್ತಿದ್ದರೆ ಫಿಟ್ಸ್ ಇರಬಹುದು. ಎರಡರ ಚಿಕಿತ್ಸೆ ಬೇರೆ ಬೇರೆ, ವಿಡಿಯೊ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಒಸಡು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು, ಮಲಗಲಾಗದೆ ಮೊಣಕೈ ಅಗಲಿಸಿ ಕತ್ತು ಚಾಚಿ ಕೂರುವುದು, ಗುಲಾಬಿ ಬಣ್ಣದ ನೊರೆ ಕೆಮ್ಮುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಹೊರಡಿ. ಹೊರಡುವ ಮುಂಚೆ ಫೋನ್ ಮಾಡಿ ಆಕ್ಸಿಜನ್ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಇರುವ ಕಡೆಗೇ ನೇರವಾಗಿ ಹೋಗಿ. ದಾರಿಯಲ್ಲಿ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ, ಎದೆಗವಚಿ ಬಿಗಿಯಾಗಿ ಎತ್ತಿಕೊಳ್ಳಬೇಡಿ. ಅವನಿಗೆ ಹೇಗೆ ಕೂತರೆ ಉಸಿರಾಡಲು ಹಗುರವೋ ಹಾಗೇ ಕೂರಲು ಬಿಟ್ಟು, ಗಾಳಿಯಾಡುವಂತೆ ಕರೆದೊಯ್ಯಿರಿ. ಹತ್ತಿರದ ಯಾವ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿ, ಆ ಫೋನ್ ನಂಬರನ್ನು ಉಸಿರಿನ ಲೆಕ್ಕ ಬರೆದಿಡುವ ಜಾಗದಲ್ಲೇ ಬರೆದುಕೊಳ್ಳಿ.